ಡಿ-ಎಸ್ಸಿಂಗ್

ಡಿ-ಎಸ್ಸಿಂಗ್ ಎಂಬುದು ಧ್ವನಿಮುದ್ರಿತ ಗಾಯನ ಅಥವಾ ಮಾತಿನಲ್ಲಿ ಸ, ಶ, ಷ, ಚ, ಜ ಮೊದಲಾದ ವ್ಯಂಜನಗಳು ಕಿವಿಗೆ ಚುಚ್ಚುವಷ್ಟು ತೀಕ್ಷ್ಣವಾಗಿ ಕೇಳಿಸಿದಾಗ ಆ ತೀಕ್ಷ್ಣತೆಯನ್ನು ಮಾತ್ರ ತಗ್ಗಿಸುವ ಧ್ವನಿಸಂಸ್ಕರಣಾ ತಂತ್ರ. ಈ ತೀಕ್ಷ್ಣತೆಯನ್ನು ಸಿಬಿಲೆನ್ಸ್ ಎಂದೂ, ಅದನ್ನು ತಗ್ಗಿಸುವ ಉಪಕರಣ ಅಥವಾ ತಂತ್ರಾಂಶವನ್ನು ಡಿ-ಎಸ್ಸರ್ ಎಂದೂ ಕರೆಯಲಾಗುತ್ತದೆ. ಚಲನಚಿತ್ರ, ಆಕಾಶವಾಣಿ, ಗ್ರಾಮಫೋನ್ ತಟ್ಟೆ, ಧ್ವನಿಪುಸ್ತಕ, ಪಾಡ್‌ಕಾಸ್ಟ್ ಹಾಗೂ ಸಂಗೀತ ಮುದ್ರಣಗಳಲ್ಲಿ ಈ ತಂತ್ರವನ್ನು ಬಳಸಲಾಗುತ್ತದೆ.

ಇಂಗ್ಲಿಷಿನ 'ಎಸ್' ಅಕ್ಷರದ ಹಿಂದೆ 'ತೆಗೆದುಹಾಕು' ಎಂಬ ಅರ್ಥದ 'ಡಿ' ಪ್ರತ್ಯಯ ಸೇರಿ ಈ ಹೆಸರು ಬಂದಿದೆ. ಆದರೆ ಸಕಾರವನ್ನು ತೆಗೆದುಹಾಕುವುದು ಇದರ ಉದ್ದೇಶವಲ್ಲ. ಈ ವ್ಯಂಜನಗಳು ಪದದ ಅರ್ಥವನ್ನು ಹೊತ್ತಿರುವುದರಿಂದ, ಅವುಗಳನ್ನು ಪಕ್ಕದ ಸ್ವರಾಕ್ಷರಗಳೊಡನೆ ಸಹಜ ಪ್ರಮಾಣಕ್ಕೆ ತರುವುದಷ್ಟೇ ಡಿ-ಎಸ್ಸಿಂಗ್‌ನ ಗುರಿ.

ಧ್ವನಿಯ ಸ್ವರೂಪ

ಕನ್ನಡ ವ್ಯಾಕರಣದಲ್ಲಿ ಶ, ಷ, ಸ, ಹ ಇವುಗಳನ್ನು ಊಷ್ಮಾಕ್ಷರಗಳೆಂದು ಹೇಳಲಾಗುತ್ತದೆ. ಇವುಗಳಲ್ಲಿ ಹ ಕಾರಕ್ಕೆ ಬುಸುಗುಟ್ಟುವ ಗುಣವಿಲ್ಲ. ಉಳಿದ ಮೂರಕ್ಕೆ ಇದೆ. ಸ ಕಾರವನ್ನು ಉಚ್ಚರಿಸುವಾಗ ನಾಲಗೆಯು ಮೇಲ್ಹಲ್ಲಿನ ಹಿಂಭಾಗದ ಬಳಿ ಕಿರಿದಾದ ಕಾಲುವೆಯಂತಹ ಜಾಗವನ್ನು ಉಂಟುಮಾಡುತ್ತದೆ. ಅದರ ಮೂಲಕ ನುಗ್ಗುವ ಉಸಿರು ಹಲ್ಲುಗಳ ಅಂಚಿಗೆ ಬಡಿದು ಕ್ಷೋಭೆಗೊಂಡಾಗ ಸದ್ದು ಹುಟ್ಟುತ್ತದೆ. ಸ್ವರಾಕ್ಷರಗಳಂತೆ ಇದಕ್ಕೆ ನಿಶ್ಚಿತ ಶ್ರುತಿಯಿಲ್ಲ. ಇದು ಎತ್ತರದ ಆವರ್ತನಗಳಲ್ಲಿ ಹರಡಿಕೊಂಡಿರುವ ಗದ್ದಲವಾಗಿದೆ.

ಸ ಕಾರದ ಶಕ್ತಿಯು ಸಾಮಾನ್ಯವಾಗಿ 5ರಿಂದ 8 ಕಿಲೋಹರ್ಟ್ಜ್‌ಗಳ ನಡುವೆ ಹೆಚ್ಚಾಗಿರುತ್ತದೆ. ಹೆಂಗಸರ ಮತ್ತು ಮಕ್ಕಳ ಧ್ವನಿಯಲ್ಲಿ ಅದು ಇನ್ನೂ ಮೇಲಕ್ಕೆ ಸರಿಯುವುದುಂಟು. ಶ ಕಾರದಲ್ಲಿ ನಾಲಗೆಯು ಹಿಂದಕ್ಕೆ ಸರಿದು, ಅದರ ಮುಂದಿನ ಪೊಳ್ಳುಜಾಗ ದೊಡ್ಡದಾಗುವುದರಿಂದ ಶಕ್ತಿಯು ಕೆಳಗಿನ ಆವರ್ತನಗಳಿಗೆ, ಸುಮಾರು 2.5ರಿಂದ 5 ಕಿಲೋಹರ್ಟ್ಜ್‌ಗಳ ಕಡೆಗೆ ಇಳಿಯುತ್ತದೆ. ಚ ಮತ್ತು ಜ ಕಾರಗಳಲ್ಲಿ ಉಸಿರು ಮೊದಲು ಪೂರ್ತಿ ತಡೆಯಲ್ಪಟ್ಟು ಅನಂತರ ಇಂತಹುದೇ ಘರ್ಷಣೆಯೊಡನೆ ಬಿಡುಗಡೆಯಾಗುತ್ತದೆ.

ಮನುಷ್ಯನ ಕಿವಿಯು ಸುಮಾರು 2ರಿಂದ 5 ಕಿಲೋಹರ್ಟ್ಜ್‌ವರೆಗಿನ ಶಬ್ದಗಳಿಗೆ ಅತಿ ಹೆಚ್ಚು ಸಂವೇದನಾಶೀಲವಾಗಿದೆ. ಕಿವಿಯ ನಾಳವು 3 ಕಿಲೋಹರ್ಟ್ಜ್‌ನ ಆಸುಪಾಸಿನಲ್ಲಿ ಅನುರಣಿಸುವುದು ಇದಕ್ಕೆ ಮುಖ್ಯ ಕಾರಣ. ಊಷ್ಮ ವ್ಯಂಜನಗಳು ಈ ವಲಯದಲ್ಲಿಯೇ ಅಥವಾ ಇದಕ್ಕೆ ತುಸು ಮೇಲೆಯೇ ಇರುವುದರಿಂದ, ಅಳತೆಯ ಮಾಪಕದಲ್ಲಿ ಸಣ್ಣದಾಗಿ ಕಾಣುವ ಸಕಾರವೂ ಕಿವಿಗೆ ದೊಡ್ಡದಾಗಿ ಕೇಳಿಸಬಹುದು.

ಅತಿಯಾಗಲು ಕಾರಣಗಳು

ಎದುರಿಗೆ ಕುಳಿತು ಹಾಡುವವರ ಸಕಾರ ಕೇಳುಗರನ್ನು ಬಾಧಿಸುವುದು ವಿರಳ. ಮುದ್ರಣ ಮತ್ತು ಮಿಕ್ಸಿಂಗ್‌ನ ಹಲವು ಹಂತಗಳಲ್ಲಿ ಅದು ಸ್ವಲ್ಪಸ್ವಲ್ಪವಾಗಿ ಹೆಚ್ಚುತ್ತಾ ಹೋಗಿ ಕೊನೆಗೆ ಅಸಹನೀಯವಾಗುತ್ತದೆ.

ಮೊದಲನೆಯ ಕಾರಣ ಮೈಕ್ರೊಫೋನ್. ಗಾಯನಕ್ಕೆ ಹೆಚ್ಚಾಗಿ ಬಳಸುವ ಕಂಡೆನ್ಸರ್ ಮೈಕ್ರೊಫೋನ್‌ಗಳಲ್ಲಿ ಹಲವು, ಧ್ವನಿಗೆ ಸ್ಪಷ್ಟತೆ ಬರಲೆಂದು 5ರಿಂದ 12 ಕಿಲೋಹರ್ಟ್ಜ್‌ಗಳ ನಡುವಿನ ಭಾಗವನ್ನು ಕೆಲವು ಡೆಸಿಬಲ್‌ಗಳಷ್ಟು ಎತ್ತಿ ಹಿಡಿಯುತ್ತವೆ. ಗಾಯಕರು ಮೈಕ್ರೊಫೋನಿಗೆ ಅತಿ ಸಮೀಪದಲ್ಲಿ ನೇರವಾಗಿ ಹಾಡಿದಾಗ ಇದರ ಪರಿಣಾಮ ಹೆಚ್ಚುತ್ತದೆ. ಹಲ್ಲುಗಳ ನಡುವಿನ ಸಂದು, ಕೃತಕ ದಂತಪಂಕ್ತಿ ಅಥವಾ ನಾಲಗೆಯ ಅಭ್ಯಾಸದಿಂದಾಗಿ ಕೆಲವರ ಸಕಾರದಲ್ಲಿ ಸಿಳ್ಳೆಯಂತಹ ಒಂದೇ ಮೊನಚಾದ ಸದ್ದು ಸೇರಿಕೊಂಡಿರುವುದೂ ಉಂಟು.

ಎರಡನೆಯದು ಕಂಪ್ರೆಸರ್. ಧ್ವನಿಯ ಮಟ್ಟವು ನಿಗದಿತ ಮಿತಿಯನ್ನು ಮೀರಿದಾಗ ಅದನ್ನು ತಗ್ಗಿಸಿ, ಗಟ್ಟಿ ಮತ್ತು ಮೆಲು ಭಾಗಗಳ ನಡುವಿನ ಅಂತರವನ್ನು ಕಿರಿದುಗೊಳಿಸುವ ಉಪಕರಣ ಇದು. ಒಂದು ಹಾಡಿನಲ್ಲಿ ಸ್ವರಾಕ್ಷರಗಳು −8 ಡೆಸಿಬಲ್ ಮಟ್ಟದಲ್ಲಿಯೂ ಸಕಾರವು −16 ಡೆಸಿಬಲ್ ಮಟ್ಟದಲ್ಲಿಯೂ ಇವೆ ಎಂದುಕೊಳ್ಳೋಣ. ಕಂಪ್ರೆಸರಿನ ಮಿತಿಯನ್ನು −16ಕ್ಕೂ ಅನುಪಾತವನ್ನು 4:1ಕ್ಕೂ ಇರಿಸಿದರೆ, ಮಿತಿಯನ್ನು 8 ಡೆಸಿಬಲ್ ಮೀರಿದ ಸ್ವರಾಕ್ಷರಗಳು 2 ಡೆಸಿಬಲ್ ಮಾತ್ರ ಮೀರುವಂತಾಗಿ −14ಕ್ಕೆ ಇಳಿಯುತ್ತವೆ. ಮಿತಿಯನ್ನು ಮೀರದ ಸಕಾರವು ಇದ್ದಲ್ಲಿಯೇ ಉಳಿಯುತ್ತದೆ. ಕಳೆದುಹೋದ ಗಟ್ಟಿತನವನ್ನು ಮರಳಿ ಪಡೆಯಲು ಒಟ್ಟು ಧ್ವನಿಯನ್ನು 6 ಡೆಸಿಬಲ್ ಏರಿಸಿದಾಗ ಸ್ವರಾಕ್ಷರಗಳು ಮೊದಲಿನ −8ಕ್ಕೆ ಮರಳುತ್ತವೆ. ಸಕಾರ ಮಾತ್ರ −10ಕ್ಕೆ ಏರಿರುತ್ತದೆ. ಮೊದಲು 8 ಡೆಸಿಬಲ್ ಇದ್ದ ಅಂತರ ಈಗ ಕೇವಲ 2 ಡೆಸಿಬಲ್.

ಮೂರನೆಯದು ಈಕ್ವಲೈಸರ್. ಧ್ವನಿಗೆ ಹೊಳಪು ತರಲು 8 ಕಿಲೋಹರ್ಟ್ಜ್‌ಗಿಂತ ಮೇಲಿನ ಆವರ್ತನಗಳನ್ನು ಏರಿಸಿದರೆ ಸಕಾರವೂ ಜೊತೆಯಲ್ಲಿ ಏರುತ್ತದೆ. ಇದರ ಮೇಲೆ ರಿವರ್ಬ್ ಅಥವಾ ಡಿಲೇ ಸೇರಿದಾಗ ಪ್ರತಿಯೊಂದು ಸಕಾರವೂ ಚಿಮ್ಮಿದ ನೀರಿನಂತೆ ಸುತ್ತಲೂ ಹರಡಿ, ಮುಂದಿನ ಅಕ್ಷರಗಳ ಮೇಲೂ ಬೀಳುತ್ತದೆ.

ಇತಿಹಾಸ

ಸಿಬಿಲೆನ್ಸ್ ನಿಯಂತ್ರಣದ ಅಗತ್ಯವು ಮೊದಲಿಗೆ ತಲೆದೋರಿದ ಕ್ಷೇತ್ರಗಳಲ್ಲಿ ಚಲನಚಿತ್ರವೂ ಒಂದು. 1930 ಮತ್ತು 1940ರ ದಶಕಗಳಲ್ಲಿ ಧ್ವನಿಯನ್ನು ಚಿತ್ರದ ಫಿಲ್ಮಿನ ಅಂಚಿನಲ್ಲಿ ಬೆಳಕಿನ ಪಟ್ಟಿಯಾಗಿ ಮುದ್ರಿಸಲಾಗುತ್ತಿತ್ತು. ಎತ್ತರದ ಆವರ್ತನಗಳ ಸೂಕ್ಷ್ಮ ಗೆರೆಗಳು ಫಿಲ್ಮನ್ನು ಸಂಸ್ಕರಿಸುವಾಗ ಹರಡಿಕೊಂಡು ಒಂದಕ್ಕೊಂದು ಬೆಸೆದುಕೊಳ್ಳುತ್ತಿದ್ದುದರಿಂದ, ಸಂಭಾಷಣೆಯಲ್ಲಿನ ಸಕಾರಗಳು ಉಗುಳಿದಂತೆ ಒರಟಾಗಿ ಕೇಳಿಸುತ್ತಿದ್ದವು. ಸಕಾರ ಬಂದಾಗ ಹೆಚ್ಚಾಗಿ ಪ್ರತಿಕ್ರಿಯಿಸುವಂತೆ ಕಂಪ್ರೆಸರ್‌ಗಳನ್ನು ಮಾರ್ಪಡಿಸುವ ಪ್ರಯತ್ನಗಳು ಹಾಲಿವುಡ್‌ನಲ್ಲಿ ಈ ಹಿನ್ನೆಲೆಯಲ್ಲಿ ನಡೆದವು.

ಗ್ರಾಮಫೋನ್ ತಟ್ಟೆಗಳಲ್ಲಿ ಸಮಸ್ಯೆಯ ಸ್ವರೂಪ ಬೇರೆಯಾಗಿತ್ತು. 1954ರಲ್ಲಿ ರೂಪುಗೊಂಡ ಆರ್‌ಐಎಎ ಮಾನದಂಡದ ಪ್ರಕಾರ, ತಟ್ಟೆಯನ್ನು ಕೊರೆಯುವಾಗ 10 ಕಿಲೋಹರ್ಟ್ಜ್ ಆವರ್ತನವನ್ನು 1 ಕಿಲೋಹರ್ಟ್ಜ್‌ಗೆ ಹೋಲಿಸಿದರೆ ಸುಮಾರು 13.7 ಡೆಸಿಬಲ್‌ಗಳಷ್ಟು ಏರಿಸಲಾಗುತ್ತದೆ. ಹೀಗಾಗಿ ಗಟ್ಟಿಯಾದ ಸಕಾರವು ಕೊರೆಯುವ ಯಂತ್ರದ ತಲೆಯನ್ನು ಅತಿಯಾಗಿ ಬಿಸಿಯಾಗಿಸಬಲ್ಲದು. ಮನೆಯಲ್ಲಿ ತಟ್ಟೆಯನ್ನು ನುಡಿಸುವಾಗ ಮುಳ್ಳು ಆ ಗೆರೆಯ ತಿರುವುಗಳನ್ನು ಅನುಸರಿಸಲಾರದೆ ಕರ್ಕಶ ಸದ್ದು ಹೊರಡುತ್ತಿತ್ತು. ನಿಮಿಷಕ್ಕೆ 33⅓ ಸುತ್ತು ತಿರುಗುವ ತಟ್ಟೆಯ ಹೊರ ಅಂಚಿನಲ್ಲಿ ಗೆರೆಯು ಮುಳ್ಳಿನ ಕೆಳಗೆ ಸೆಕೆಂಡಿಗೆ ಸುಮಾರು 51 ಸೆಂಟಿಮೀಟರ್ ವೇಗದಲ್ಲಿ ಸಾಗಿದರೆ, ಒಳ ಅಂಚಿನಲ್ಲಿ ಆ ವೇಗ ಸುಮಾರು 21 ಸೆಂಟಿಮೀಟರ್‌ಗೆ ಇಳಿಯುತ್ತದೆ. ಅದೇ ಸಕಾರವು ಒಳಭಾಗದಲ್ಲಿ ಅರ್ಧಕ್ಕಿಂತ ಕಡಿಮೆ ಜಾಗದಲ್ಲಿ ಅಡಕಗೊಳ್ಳಬೇಕಾಗುವುದರಿಂದ, ಒಂದು ಬದಿಯ ಕೊನೆಯ ಹಾಡಿನಲ್ಲಿ ದೋಷ ಎದ್ದು ಕಾಣುತ್ತಿತ್ತು.

1970ರ ದಶಕದಲ್ಲಿ ಆರ್ಬನ್ ಸಂಸ್ಥೆಯ ಸಿಬಿಲೆನ್ಸ್ ನಿಯಂತ್ರಕಗಳೂ ಅನಂತರ ಡಿಬಿಎಕ್ಸ್ 902 ಎಂಬ ಡಿ-ಎಸ್ಸರ್ ಕೂಡ ಸ್ಟುಡಿಯೊಗಳಲ್ಲಿ ಬಳಕೆಗೆ ಬಂದವು. ಡಿಬಿಎಕ್ಸ್ 902 ಒಟ್ಟು ಧ್ವನಿಯಲ್ಲಿ ಎತ್ತರದ ಆವರ್ತನಗಳ ಪ್ರಮಾಣ ಎಷ್ಟೆಂಬುದನ್ನು ಹೋಲಿಸಿ ಕೆಲಸ ಮಾಡುತ್ತಿದ್ದುದರಿಂದ, ಗಾಯಕರು ಮೆಲ್ಲಗೆ ಹಾಡಿದರೂ ಗಟ್ಟಿಯಾಗಿ ಹಾಡಿದರೂ ಒಂದೇ ರೀತಿ ಪ್ರತಿಕ್ರಿಯಿಸುತ್ತಿತ್ತು. ಕಂಪ್ಯೂಟರ್ ಆಧಾರಿತ ಮುದ್ರಣ ಬಂದ ಮೇಲೆ ವೇವ್ಸ್ ಡಿ-ಎಸ್ಸರ್, ಫ್ಯಾಬ್‌ಫಿಲ್ಟರ್ ಪ್ರೊ-ಡಿಎಸ್ ಮುಂತಾದ ಪ್ಲಗಿನ್‌ಗಳು ಈ ಕೆಲಸವನ್ನು ನಿರ್ವಹಿಸುತ್ತಿವೆ.

ಮುದ್ರಣದ ಹಂತದಲ್ಲಿ ನಿಯಂತ್ರಣ

ಸಿಬಿಲೆನ್ಸನ್ನು ಮುದ್ರಣದ ಸಮಯದಲ್ಲಿಯೇ ತಗ್ಗಿಸುವುದು ಅನಂತರದ ಯಾವುದೇ ಸಂಸ್ಕರಣೆಗಿಂತ ಉತ್ತಮ. ಇದಕ್ಕೆ ಅನುಸರಿಸುವ ಸಾಮಾನ್ಯ ಕ್ರಮಗಳು ಇಂತಿವೆ:

• ಮೈಕ್ರೊಫೋನನ್ನು ಬಾಯಿಯ ನೇರಕ್ಕೆ ಇಡದೆ, 10ರಿಂದ 20 ಡಿಗ್ರಿಗಳಷ್ಟು ಪಕ್ಕಕ್ಕೆ, ಮೇಲಕ್ಕೆ ಅಥವಾ ಕೆಳಕ್ಕೆ ತಿರುಗಿಸುವುದು. ಎತ್ತರದ ಆವರ್ತನಗಳು ಬಾಯಿಯಿಂದ ನೇರ ದಿಕ್ಕಿನಲ್ಲಿ ಹೆಚ್ಚಾಗಿ ಹೊರಡುವುದರಿಂದ ಸಣ್ಣ ಕೋನವೂ ಪರಿಣಾಮಕಾರಿಯಾಗಿರುತ್ತದೆ.
• ಬಾಯಿ ಮತ್ತು ಮೈಕ್ರೊಫೋನ್ ನಡುವೆ 15ರಿಂದ 30 ಸೆಂಟಿಮೀಟರ್ ಅಂತರವಿರಿಸುವುದು.
• ಗಾಯಕರ ಧ್ವನಿಗೆ ಹೊಂದುವ ಮೈಕ್ರೊಫೋನನ್ನು ಆರಿಸುವುದು. ರಿಬ್ಬನ್ ಮೈಕ್ರೊಫೋನ್ ಹಾಗೂ ಕೆಲವು ಡೈನಮಿಕ್ ಮೈಕ್ರೊಫೋನ್‌ಗಳು ಸಕಾರವನ್ನು ಮೃದುವಾಗಿ ಗ್ರಹಿಸುತ್ತವೆ.
• ಮುದ್ರಣಕ್ಕೆ ಮುನ್ನ ಸಕಾರ ಹೆಚ್ಚಿರುವ ಸಾಲನ್ನು ಹಾಡಿಸಿ ಪರೀಕ್ಷಿಸುವುದು.

ಮೈಕ್ರೊಫೋನಿನ ಮುಂದೆ ಇಡುವ ಪಾಪ್ ಫಿಲ್ಟರ್ ಎಂಬ ಬಲೆಯು ಸಕಾರವನ್ನು ತಗ್ಗಿಸುತ್ತದೆ ಎಂಬ ಭಾವನೆಯಿದೆ. ವಾಸ್ತವವಾಗಿ ಅದು ತಡೆಯುವುದು ಪ, ಬ, ಫ, ಭ ಮೊದಲಾದ ಅಕ್ಷರಗಳೊಡನೆ ಬರುವ ಗಾಳಿಯ ಹೊಡೆತವನ್ನು. ಊಷ್ಮ ವ್ಯಂಜನಗಳ ಮೇಲೆ ಅದರ ಪರಿಣಾಮ ಅತ್ಯಲ್ಪ.

ವಿಧಾನಗಳು

ಕೈಯಾರೆ ತಗ್ಗಿಸುವುದು: ಮುದ್ರಿತ ಧ್ವನಿಯ ಅಲೆಯ ಚಿತ್ರದಲ್ಲಿ ಸಕಾರಗಳು ದಟ್ಟವಾದ ಗೆರೆಗಳ ಗುಂಪಾಗಿ, ಸ್ವರಾಕ್ಷರಗಳ ನಿಯತ ಏರಿಳಿತಕ್ಕಿಂತ ಭಿನ್ನವಾಗಿ ಕಾಣುತ್ತವೆ. ಅವುಗಳನ್ನು ಒಂದೊಂದಾಗಿ ಗುರುತಿಸಿ ಆ ತುಣುಕಿನ ಮಟ್ಟವನ್ನು 2ರಿಂದ 6 ಡೆಸಿಬಲ್ ಇಳಿಸಲಾಗುತ್ತದೆ. ಇದಕ್ಕೆ ಹೆಚ್ಚು ಸಮಯ ಬೇಕಾದರೂ, ಯಾವ ಸಕಾರವನ್ನು ಎಷ್ಟು ತಗ್ಗಿಸಬೇಕು, ಯಾವುದನ್ನು ಮುಟ್ಟಬಾರದು ಎಂಬುದನ್ನು ಕಿವಿಯೇ ತೀರ್ಮಾನಿಸುವುದರಿಂದ ಫಲಿತಾಂಶ ಅತ್ಯಂತ ಸಹಜವಾಗಿರುತ್ತದೆ.

ವಿಶಾಲಪಟ್ಟಿ ಡಿ-ಎಸ್ಸಿಂಗ್: ಇದರಲ್ಲಿ ಕಂಪ್ರೆಸರಿಗೆ ಎರಡು ದಾರಿಗಳಿರುತ್ತವೆ. ಒಂದರಲ್ಲಿ ಕೇಳುಗರಿಗೆ ತಲುಪುವ ಧ್ವನಿ ಹರಿಯುತ್ತದೆ. ಸೈಡ್‌ಚೈನ್ ಎನ್ನುವ ಇನ್ನೊಂದರಲ್ಲಿ ಕೇವಲ ಎತ್ತರದ ಆವರ್ತನಗಳನ್ನು ಸೋಸಿ ಪತ್ತೆಹಚ್ಚುವ ಭಾಗಕ್ಕೆ ಕಳುಹಿಸಲಾಗುತ್ತದೆ. ಸಕಾರ ಬಂದೊಡನೆ ಒಟ್ಟು ಧ್ವನಿಯ ಮಟ್ಟ ಕ್ಷಣಕಾಲ ಇಳಿಯುತ್ತದೆ. ಸಕಾರದ ಒಳಗಿನ ಆವರ್ತನಗಳ ಸಮತೋಲ ಬದಲಾಗದಿರುವುದು ಇದರ ಗುಣ. ಇದು ಒಂಟಿ ಧ್ವನಿಗೆ ಹೊಂದುತ್ತದೆ. ವಾದ್ಯಗಳೆಲ್ಲ ಸೇರಿದ ಪೂರ್ಣ ಹಾಡಿಗೆ ಬಳಸಿದರೆ ಪ್ರತಿ ಸಕಾರಕ್ಕೂ ಇಡೀ ಸಂಗೀತವೇ ಕುಗ್ಗಿದಂತಾಗುತ್ತದೆ.

ವಿಭಜಿತಪಟ್ಟಿ ಡಿ-ಎಸ್ಸಿಂಗ್: ಧ್ವನಿಯನ್ನು ಆವರ್ತನಕ್ಕೆ ಅನುಗುಣವಾಗಿ ಎರಡು ಭಾಗ ಮಾಡಿ, ಮೇಲಿನ ಭಾಗವನ್ನು ಮಾತ್ರ ತಗ್ಗಿಸಲಾಗುತ್ತದೆ. ಕೆಳಗಿನ ಭಾಗಕ್ಕೆ ಧಕ್ಕೆಯಾಗದ ಕಾರಣ ಪೂರ್ಣ ಹಾಡಿಗೂ ಇದನ್ನು ಬಳಸಬಹುದು. ಆದರೆ ಅತಿಯಾದಾಗ ಧ್ವನಿ ಮಂಕಾಗುತ್ತದೆ.

ಡೈನಮಿಕ್ ಈಕ್ವಲೈಸರ್: ಸಾಮಾನ್ಯ ಈಕ್ವಲೈಸರ್ ಒಂದು ಆವರ್ತನವನ್ನು ಹಾಡಿನುದ್ದಕ್ಕೂ ತಗ್ಗಿಸಿದರೆ, ಇದು ಆ ಆವರ್ತನ ಮಿತಿಮೀರಿದ ಕ್ಷಣದಲ್ಲಿ ಮಾತ್ರ ತಗ್ಗಿಸುತ್ತದೆ. ಸಿಳ್ಳೆಯಂತಹ ಮೊನಚು ಸದ್ದಿದ್ದಾಗ ಕಿರಿದಾದ ಪಟ್ಟಿಯನ್ನು ಆರಿಸಿ ಅದನ್ನಷ್ಟೇ ಹಿಡಿಯಲು ಇದು ಉಪಯುಕ್ತ.

ನಿಯಂತ್ರಕಗಳು ಮತ್ತು ಹೊಂದಿಸುವ ಕ್ರಮ

ಡಿ-ಎಸ್ಸರ್‌ಗಳಲ್ಲಿ ಸಾಮಾನ್ಯವಾಗಿ ಆವರ್ತನ, ಮಿತಿ, ಗರಿಷ್ಠ ಇಳಿಕೆ ಎಂಬ ಮೂರು ಮುಖ್ಯ ನಿಯಂತ್ರಕಗಳಿರುತ್ತವೆ. ಕೆಲವುಗಳಲ್ಲಿ ಪ್ರತಿಕ್ರಿಯೆ ಆರಂಭವಾಗುವ ವೇಗ ಮತ್ತು ಬಿಡುಗಡೆಯ ಅವಧಿಯನ್ನೂ ಬದಲಿಸಬಹುದು.

ಮೊದಲಿಗೆ, ಪತ್ತೆಹಚ್ಚುವ ಭಾಗದ ಧ್ವನಿಯನ್ನು ಮಾತ್ರ ಕೇಳಿಸುವ ಗುಂಡಿಯನ್ನು ಒತ್ತಿ, ಸಕಾರವು ಅತ್ಯಂತ ತೀಕ್ಷ್ಣವಾಗಿ ಕೇಳಿಸುವವರೆಗೆ ಆವರ್ತನವನ್ನು ಸರಿಸಲಾಗುತ್ತದೆ. ಪುರುಷರ ಧ್ವನಿಗೆ 5ರಿಂದ 7 ಕಿಲೋಹರ್ಟ್ಜ್, ಸ್ತ್ರೀಯರ ಧ್ವನಿಗೆ 6ರಿಂದ 9 ಕಿಲೋಹರ್ಟ್ಜ್ ಹುಡುಕಾಟಕ್ಕೆ ಸೂಕ್ತ ಆರಂಭ, ಇವು ನಿಯಮಗಳಲ್ಲ. ಅನಂತರ ಸಕಾರ ಬಂದಾಗ ಮಾತ್ರ ಮಾಪಕದ ಸೂಚಿ ಅಲುಗುವಂತೆ, ಸ್ವರಾಕ್ಷರಗಳಿಗೆ ಅಲುಗದಂತೆ ಮಿತಿಯನ್ನು ಇಳಿಸಲಾಗುತ್ತದೆ. ಉದಾಹರಣೆಗೆ, ಮಿತಿ −24 ಡೆಸಿಬಲ್, ಅನುಪಾತ 4:1 ಇದ್ದು ಪತ್ತೆಯಾದ ಸಕಾರ −16 ಡೆಸಿಬಲ್ ಆಗಿದ್ದರೆ ಇಳಿಕೆ 6 ಡೆಸಿಬಲ್ ಆಗುತ್ತದೆ. ಹೆಚ್ಚಿನ ಸಂದರ್ಭಗಳಲ್ಲಿ 3ರಿಂದ 6 ಡೆಸಿಬಲ್ ಇಳಿಕೆ ಸಾಕಾಗುತ್ತದೆ.

ಸಕಾರವು ಸೆಕೆಂಡಿನ ಹತ್ತನೆಯ ಒಂದು ಭಾಗದ ಆಸುಪಾಸು ಮಾತ್ರ ಇರುವುದರಿಂದ ಪ್ರತಿಕ್ರಿಯೆಯು 1 ಮಿಲಿಸೆಕೆಂಡಿನ ಆಸುಪಾಸಿನಲ್ಲಿ ಆರಂಭವಾಗಬೇಕು. ತಡವಾದರೆ ಅಕ್ಷರದ ಮೊದಲ ಚೂಪು ತಪ್ಪಿಸಿಕೊಳ್ಳುತ್ತದೆ. ಬಿಡುಗಡೆಯ ಅವಧಿ ಅತಿ ದೀರ್ಘವಾದರೆ ಮುಂದಿನ ಸ್ವರಾಕ್ಷರದ ಹೊಳಪೂ ಕುಂದುತ್ತದೆ. ಕೊನೆಯಲ್ಲಿ, ಹೊಂದಿಕೆಯನ್ನು ಒಂಟಿ ಧ್ವನಿಯಲ್ಲಿ ಮಾತ್ರವಲ್ಲದೆ ವಾದ್ಯಗಳೊಡನೆಯೂ, ಸ್ಪೀಕರ್ ಮತ್ತು ಹೆಡ್‌ಫೋನ್ ಎರಡರಲ್ಲಿಯೂ ಕೇಳಿ ಪರೀಕ್ಷಿಸಬೇಕು. ಗಂಟೆಗಟ್ಟಲೆ ಕೇಳಿ ದಣಿದ ಕಿವಿಗೆ ಎತ್ತರದ ಆವರ್ತನಗಳು ಮಂದವೆನಿಸುವುದರಿಂದ, ಬಿಡುವಿನ ನಂತರ ಮತ್ತೊಮ್ಮೆ ಕೇಳುವುದು ವಾಡಿಕೆ.

ಸಂಸ್ಕರಣೆಯ ಸರಣಿಯಲ್ಲಿ ಸ್ಥಾನ

ಡಿ-ಎಸ್ಸರನ್ನು ಕಂಪ್ರೆಸರಿಗೆ ಮುಂಚೆ ಇಡಬೇಕೇ ನಂತರ ಇಡಬೇಕೇ ಎಂಬುದರಲ್ಲಿ ತಂತ್ರಜ್ಞರಲ್ಲಿ ಏಕಾಭಿಪ್ರಾಯವಿಲ್ಲ. ಮುಂಚೆ ಇಟ್ಟರೆ ಗಟ್ಟಿಯಾದ ಸಕಾರಗಳು ಕಂಪ್ರೆಸರನ್ನು ಅನಗತ್ಯವಾಗಿ ಕೆರಳಿಸುವುದಿಲ್ಲ. ನಂತರ ಇಟ್ಟರೆ ಕಂಪ್ರೆಸರ್ ಮತ್ತು ಈಕ್ವಲೈಸರ್‌ಗಳಿಂದ ಏರಿದ ಸಕಾರವನ್ನು ಹಿಡಿಯಬಹುದು. ಮಟ್ಟಗಳು ಏಕರೂಪವಾಗಿರುವುದರಿಂದ ಮಿತಿಯನ್ನು ನಿಗದಿಪಡಿಸುವುದೂ ಸುಲಭ. ಒಂದೇ ಕಡೆ 8 ಡೆಸಿಬಲ್ ತಗ್ಗಿಸುವ ಬದಲು ಎರಡು ಕಡೆಗಳಲ್ಲಿ ಮೂರು-ನಾಲ್ಕು ಡೆಸಿಬಲ್‌ಗಳಷ್ಟು ತಗ್ಗಿಸಿದರೆ ಸಂಸ್ಕರಣೆ ಕಿವಿಗೆ ಗೊತ್ತಾಗುವುದಿಲ್ಲ.

ರಿವರ್ಬ್‌ಗೆ ಹೋಗುವ ಧ್ವನಿಗೆ ಪ್ರತ್ಯೇಕ ಡಿ-ಎಸ್ಸರ್ ಅಳವಡಿಸುವುದೂ ರೂಢಿಯಲ್ಲಿದೆ. ಇದನ್ನು ಸಾಕಷ್ಟು ಕಠಿಣವಾಗಿ ಹೊಂದಿಸಿದರೂ ಮೂಲ ಧ್ವನಿಯ ಸ್ಪಷ್ಟತೆಗೆ ಹಾನಿಯಿಲ್ಲ. ಹರಡುವ ಚಿಮ್ಮುವಿಕೆ ಮಾತ್ರ ನಿಲ್ಲುತ್ತದೆ. ಹಾಡು ಕಡಿಮೆ ಬಿಟ್‌ರೇಟಿನ ಎಂಪಿ3 ರೂಪಕ್ಕೆ ಇಳಿಯಲಿದ್ದರೆ ಎಚ್ಚರಿಕೆ ಇನ್ನೂ ಅಗತ್ಯ. ಗದ್ದಲದ ಸ್ವರೂಪದ ಸಕಾರವನ್ನು ಕೆಲವೇ ಬಿಟ್‌ಗಳಲ್ಲಿ ಪ್ರತಿನಿಧಿಸುವುದು ಕಷ್ಟವಾದ್ದರಿಂದ ಅದು ಸುಳಿಸುಳಿಯಾಗಿ ವಿಕಾರಗೊಳ್ಳುತ್ತದೆ. ಎಫ್‌ಎಂ ಪ್ರಸಾರದಲ್ಲಿಯೂ ಎತ್ತರದ ಆವರ್ತನಗಳನ್ನು ಏರಿಸಿ ಕಳುಹಿಸುವ ಪದ್ಧತಿಯಿರುವುದರಿಂದ ಸಕಾರವು ಪ್ರಸಾರದ ಮಿತಿಯನ್ನು ಬೇಗನೆ ಮುಟ್ಟುತ್ತದೆ.

ಕನ್ನಡ ಗಾಯನ ಮತ್ತು ಮಾತಿನಲ್ಲಿ

ಕನ್ನಡದಲ್ಲಿ ಸಕಾರದ ಬಳಕೆ ಹೇರಳವಾಗಿದೆ. 'ಇಸು' ಪ್ರತ್ಯಯ ಸೇರಿ ಆಗುವ ಪ್ರೀತಿಸು, ಮಾಡಿಸು, ಹುಡುಕಿಸು ಮುಂತಾದ ಕ್ರಿಯಾಪದಗಳಲ್ಲೆಲ್ಲ ಅದು ಇದೆ. ಮನಸ್ಸು, ತಪಸ್ಸು, ಹುಮ್ಮಸ್ಸು ಮೊದಲಾದ ಪದಗಳಲ್ಲಿ ಬರುವ ಸಜಾತೀಯ ಒತ್ತಕ್ಷರವು ಒಂಟಿ ಸಕಾರಕ್ಕಿಂತ ದೀರ್ಘವಾಗಿರುವುದರಿಂದ, ಡಿ-ಎಸ್ಸರಿನ ಬಿಡುಗಡೆಯ ಅವಧಿ ತೀರಾ ಚಿಕ್ಕದಾಗಿದ್ದರೆ ಅಕ್ಷರದ ನಡುವೆಯೇ ಮಟ್ಟ ಏರಿಳಿದು ನಡುಕ ಕೇಳಿಸಬಹುದು. ಕರ್ನಾಟಕ ಸಂಗೀತದ ಸ್ವರಪ್ರಸ್ತಾರಗಳಲ್ಲಿ ಷಡ್ಜವನ್ನು 'ಸ' ಎಂದೇ ಹಾಡುವುದರಿಂದ, ರಾಗದ ಆಧಾರಸ್ವರ ಬಂದಾಗಲೆಲ್ಲ ಸಕಾರವೂ ಬರುತ್ತದೆ. ತಾರಸ್ಥಾಯಿಯಲ್ಲಿ ಅದು ಹೆಚ್ಚಿನ ಒತ್ತಡದೊಡನೆ ಹೊರಡುತ್ತದೆ.

ಅಚ್ಚಗನ್ನಡ ಪದಗಳಲ್ಲಿ ಮುಖ್ಯವಾಗಿ ಬರುವುದು ಸ ಕಾರ. ಶ ಮತ್ತು ಷ ಕಾರಗಳು ಹೆಚ್ಚಾಗಿ ಸಂಸ್ಕೃತದಿಂದ ಬಂದ ಪದಗಳಲ್ಲಿವೆ. 'ಆಶಾ' ಎಂಬುದು 'ಆಸೆ' ಎಂದೂ 'ಶಶಿ' ಎಂಬುದು 'ಸಸಿ' ಎಂದೂ ತದ್ಭವವಾಗಿರುವುದನ್ನು ವ್ಯಾಕರಣಗಳು ಉದಾಹರಿಸುತ್ತವೆ. ಇಂದಿನ ಮಾತಿನಲ್ಲಿ ಹಲವರು ಶ ಮತ್ತು ಷ ಕಾರಗಳನ್ನು ಒಂದೇ ರೀತಿ ಉಚ್ಚರಿಸುತ್ತಾರೆ. ಆದರೆ ಸ ಮತ್ತು ಶ ಕಾರಗಳ ವ್ಯತ್ಯಾಸ ಅರ್ಥವನ್ನೇ ಬದಲಿಸಬಲ್ಲದು: 'ಸಕಲ' ಎಂದರೆ ಎಲ್ಲ, 'ಶಕಲ' ಎಂದರೆ ತುಂಡು, 'ಶಂಕರ' ಎಂದರೆ ಶಿವ, 'ಸಂಕರ' ಎಂದರೆ ಬೆರಕೆ. ಕಿವಿ ಈ ಎರಡನ್ನು ಬೇರ್ಪಡಿಸುವುದು ಮುಖ್ಯವಾಗಿ ಶಕ್ತಿಯು ಯಾವ ಆವರ್ತನದಲ್ಲಿ ಕೇಂದ್ರೀಕೃತವಾಗಿದೆ ಎಂಬುದರ ಮೇಲೆ. 6 ಕಿಲೋಹರ್ಟ್ಜ್‌ಗಿಂತ ಮೇಲಿನದನ್ನು ಬಲವಾಗಿ ಕತ್ತರಿಸುವ ವಿಭಜಿತಪಟ್ಟಿ ಡಿ-ಎಸ್ಸರ್ ಸ ಕಾರದ ಗುರುತನ್ನೇ ಅಳಿಸಿ, ಶ ಕಾರವನ್ನು ಬಹುಮಟ್ಟಿಗೆ ಹಾಗೆಯೇ ಬಿಡುತ್ತದೆ. ಸಾಹಿತ್ಯವೇ ಪ್ರಧಾನವಾದ ಭಾವಗೀತೆ, ವಚನಗಾಯನ ಹಾಗೂ ಧ್ವನಿಪುಸ್ತಕಗಳಲ್ಲಿ ಇದು ಗಂಭೀರ ಲೋಪವಾಗುತ್ತದೆ.

ಅತಿಯಾದ ಬಳಕೆಯ ಪರಿಣಾಮ

ಮಿತಿಮೀರಿದ ಡಿ-ಎಸ್ಸಿಂಗ್‌ನಿಂದ ಗಾಯಕರ ಉಚ್ಚಾರಣೆ ತೊದಲಿದಂತೆ, ನಾಲಗೆ ಹಲ್ಲುಗಳ ನಡುವೆ ಸಿಲುಕಿದಂತೆ ಕೇಳಿಸುತ್ತದೆ. ಸ್ವರಾಕ್ಷರಗಳ ಹೊಳಪು ಬಂದುಹೋದಂತಾಗುವುದು, ಉಸಿರಿನ ಸದ್ದು ಅಸಹಜವಾಗಿ ಮಾಯವಾಗುವುದು, ತಾಳವಾದ್ಯಗಳ ನಡುವೆ ಪದಗಳು ಅಸ್ಪಷ್ಟವಾಗುವುದು ಇತರ ಲಕ್ಷಣಗಳು. ತೀಕ್ಷ್ಣ ಸಕಾರವನ್ನು ಕೇಳುಗರು ಮುದ್ರಣದ ದೋಷವೆಂದು ಗ್ರಹಿಸುತ್ತಾರೆ. ತೊದಲಿದ ಸಕಾರವನ್ನು ಗಾಯಕರ ದೋಷವೆಂದು ತಿಳಿಯುವ ಸಾಧ್ಯತೆ ಹೆಚ್ಚು. ಸಂಸ್ಕರಿಸಿ ಮುದ್ರಿಸಿದ ಧ್ವನಿಯಿಂದ ಕಳೆದುಹೋದ ಸಕಾರವನ್ನು ಮರಳಿ ತರುವುದು ಕಷ್ಟವಾದ್ದರಿಂದ, ಮೂಲ ಮುದ್ರಣವನ್ನು ಡಿ-ಎಸ್ಸರ್ ಇಲ್ಲದೆ ಉಳಿಸಿಕೊಂಡು ಸಂಸ್ಕರಣೆಯನ್ನು ಮಿಕ್ಸಿಂಗ್ ಹಂತದಲ್ಲಿ ಮಾಡುವುದು ಸುರಕ್ಷಿತ ಕ್ರಮವೆನಿಸಿದೆ.

ಇವನ್ನೂ ನೋಡಿ

• ಧ್ವನಿಮುದ್ರಣ
• ಮೈಕ್ರೊಫೋನ್
• ಡೆಸಿಬಲ್
• ಆವರ್ತನ
• ಕನ್ನಡ ಅಕ್ಷರಮಾಲೆ